ಮೊದಲು ಬಿಟ್ಟ ಮೇವು ಯಾವುದು? ಬಾಳ್ಳುಪೇಟೆ ಸೀಮೆಯಲ್ಲಿ ಮೇವು ಬಿಟ್ಟ ಹಸುವಿನ ರೋಗನಿದಾನ

ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಬಾಳ್ಳುಪೇಟೆ ದಾಟುವಾಗ ಗದ್ದೆ, ಕಾಫಿ ತೋಟದ ತಂತಿಬೇಲಿ, ಲಂಟಾನದ ಪೊದೆ ಒಂದರ ಬೆನ್ನಿಗೆ ಒಂದು ಕಾಣುತ್ತವೆ. ಇಲ್ಲಿನ ಹಸು ಮೇವು ಬಿಟ್ಟರೆ ಜೀರ್ಣದ ಪುಡಿ ತಿನ್ನಿಸುವ ಮೊದಲು ಕೇಳಬೇಕಾದದ್ದಿದೆ: ಅದು ಯಾವ ಮೇವನ್ನು ಮೊದಲು ಬಿಟ್ಟಿತು, ಕರು ಹಾಕಿ ಎಷ್ಟು ದಿನವಾಯಿತು, ಹಿಂದಿನ ದಿನ ಎಲ್ಲಿ ಮೇದಿತ್ತು.

ಕರು ಹಾಕಿದ ಮೊದಲ ಆರು ವಾರಗಳಲ್ಲಿ, ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಹಿಂಡಿ, ಬೂಸಾ ಬಿಟ್ಟು ಒಣಹುಲ್ಲನ್ನು ಮಾತ್ರ ಎಳೆಯುತ್ತಿದ್ದರೆ ಕೀಟೋಸಿಸ್ ಶಂಕಿಸಬೇಕು. ಹಾಲಿಗೆ ಬೇಕಾದ ಶಕ್ತಿ ಮೇವಿನಿಂದ ಸಾಲದೆ ಮೈಯ ಕೊಬ್ಬು ಕರಗಿ, ರಕ್ತದಲ್ಲಿ ಕೀಟೋನ್ ಏರುತ್ತದೆ. ಗಂಜಲದ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ.

ತಂತಿ ನುಂಗಿದ ಹಸುವಿನ ರೀತಿ ಬೇರೆ. ಅದು ಎಲ್ಲ ಮೇವನ್ನೂ ಒಮ್ಮೆಲೇ ಬಿಡುತ್ತದೆ, ಹಾಲು ಥಟ್ಟನೆ ಇಳಿಯುತ್ತದೆ. ಹುಲ್ಲಿನ ಜೊತೆ ಹೋದ ತಂತಿಯ ತುಂಡು ಎರಡನೆಯ ಹೊಟ್ಟೆಯಾದ ಜಾಲಜಠರದಲ್ಲಿ ನಿಂತು, ಅದು ಕುಗ್ಗಿದಾಗಲೆಲ್ಲ ಗೋಡೆಯನ್ನು ಚುಚ್ಚುತ್ತದೆ. ಮುಂದೆ ವಪೆ, ಅದರಾಚೆ ಹೃದಯ. ಹಸು ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈ ಹೊರಚಾಚಿ ನಿಲ್ಲುತ್ತದೆ. ಹೆಗಲ ಮೇಲಿನ ಚರ್ಮ ಹಿಂಡಿದರೆ, ಆರೋಗ್ಯವಂತ ಹಸುವಿನಂತೆ ಬೆನ್ನು ತಗ್ಗಿಸದೆ ನರಳುತ್ತದೆ. ಇಳಿಜಾರಿನಲ್ಲಿ ಕೆಳಕ್ಕೆ ನಡೆಯಲು ಹಿಂಜರಿಯುವುದು ಈ ಗುಡ್ಡಗಾಡಿನಲ್ಲಿ ಯಂತ್ರವಿಲ್ಲದೆ ಕಾಣುವ ಲಕ್ಷಣ. ಅದನ್ನು ಮೊದಲು ಗಮನಿಸುವವರು ಹಸು ಹೊಡೆದುಕೊಂಡು ಬರುವವರೇ. ವೈದ್ಯರು ಅವರ ಮಾತನ್ನು ಬರೆದುಕೊಳ್ಳಬೇಕು.

ಲಂಟಾನವನ್ನು ಹಸು ಸುಲಭಕ್ಕೆ ಮುಟ್ಟುವುದಿಲ್ಲ. ಹಸಿವಾದಾಗ, ಅಥವಾ ಆ ಗಿಡ ಕಾಣದ ಊರಿನಿಂದ ತಂದಾಗ ತಿನ್ನುತ್ತದೆ. ಅದರ ಲ್ಯಾಂಟಡೀನ್ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಕಣ್ಣು ಹಳದಿಯಾಗುತ್ತದೆ, ಸಗಣಿ ಕಟ್ಟುತ್ತದೆ, ಬಿಸಿಲು ತಾಗಿದ ಬಿಳಿ ಚರ್ಮ ಸುಲಿಯುತ್ತದೆ. ದೊಡ್ಡ ಹೊಟ್ಟೆಯ ಚಲನೆ ನಿಂತದ್ದರಿಂದ ತಿಂದ ಎಲೆ ಅಲ್ಲೇ ಉಳಿದು, ವಿಷ ದಿನಗಟ್ಟಲೆ ರಕ್ತ ಸೇರುತ್ತಲೇ ಇರುತ್ತದೆ. ಆದ್ದರಿಂದ ನೆರಳಿನಲ್ಲಿ ಕಟ್ಟುವುದಷ್ಟೇ ಸಾಲದು; ವಿಷ ಹೀರುವ ಇದ್ದಿಲನ್ನು ಸಾಕಷ್ಟು ಪ್ರಮಾಣದಲ್ಲಿ ಕುಡಿಸಬೇಕು, ಕೆಲವೊಮ್ಮೆ ಹೊಟ್ಟೆಯನ್ನೇ ಬರಿದು ಮಾಡಬೇಕು.

ಈ ಯಾವುದೂ ಹೊಂದದೆ ಮೈ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದು, ಹೆಗಲ ಮುಂದಿನ ಗಂಟು ಊದಿದ್ದರೆ ಉಣ್ಣೆಹುಳುವಿನಿಂದ ಹರಡುವ ಥೈಲೇರಿಯಾ ಎಂಬ ರಕ್ತದ ಪರಾವಲಂಬಿ ನೆನಪಾಗಬೇಕು. ಮೊದಲ ಚುಚ್ಚುಮದ್ದಿಗೆ ಮುನ್ನ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿಟ್ಟರೆ, ಸೂಕ್ಷ್ಮದರ್ಶಕದಲ್ಲಿ ಅದನ್ನು ಹುಡುಕಬಹುದು.