ಕಚೇರಿಯ ಕಿಟಕಿಯಿಂದ ಕಾರಿನ ಕಿಟಕಿಗೆ: ಅಮೆರಿಕದ ರಾಜ್ಯಗಳಲ್ಲಿ ಪಿಸ್ತೂಲು ಪರವಾನಗಿ ಮತ್ತು ಪೊಲೀಸರ ವಿವೇಚನಾಧಿಕಾರ

ಅಮೆರಿಕದ ಬಂದೂಕಿನ ಚರಿತ್ರೆ ಬರೆದವರು ಬಹುಪಾಲು ಶಾಸನಸಭೆ ಮತ್ತು ಸುಪ್ರೀಂ ಕೋರ್ಟುಗಳ ಕಡತಗಳನ್ನೇ ಆಶ್ರಯಿಸಿದ್ದಾರೆ. ಸಂವಿಧಾನದ ಎರಡನೆಯ ತಿದ್ದುಪಡಿಗೆ ಏನರ್ಥ, ಯಾವ ರಾಜ್ಯ ಯಾವಾಗ ಕಾನೂನು ಸಡಿಲಿಸಿತು ಎಂಬುದು ಅಲ್ಲಿ ತಿಳಿಯುತ್ತದೆ. ಆದರೆ ಅಂಗಿಯ ಮರೆಯಲ್ಲಿ ಪಿಸ್ತೂಲಿಟ್ಟುಕೊಂಡ ನಾಗರಿಕನೂ ಸರ್ಕಾರವೂ ಎದುರುಬದುರಾಗುವುದು ಹೆಚ್ಚಾಗಿ ರಸ್ತೆಬದಿಯಲ್ಲಿ, ಬ್ರೇಕ್ ಲೈಟು ಕೆಟ್ಟಿದೆಯೆಂದೋ ವೇಗ ಮೀರಿದೆಯೆಂದೋ ಪೊಲೀಸರು ಕಾರು ನಿಲ್ಲಿಸಿದಾಗ. ಮೋಟಾರು ಕಾರು ಅಮೆರಿಕದ ಪೊಲೀಸ್ ಅಧಿಕಾರವನ್ನು ಹೇಗೆ ಹಿಗ್ಗಿಸಿತೆಂದು ಸಾರಾ ಸಿಯೊ 2019ರ 'ಪೊಲೀಸಿಂಗ್ ದಿ ಓಪನ್ ರೋಡ್' ಪುಸ್ತಕದಲ್ಲಿ ತೋರಿಸಿದ್ದಾರೆ. ಬಂದೂಕು ಹಿಡಿದ ನಾಗರಿಕರನ್ನು ಪೊಲೀಸರು ಹೇಗೆ ವಿಂಗಡಿಸಿ ನೋಡುತ್ತಾರೆಂಬುದು ಜೆನಿಫರ್ ಕಾರ್ಲ್ಸನ್ ಅವರ 2020ರ 'ಪೊಲೀಸಿಂಗ್ ದಿ ಸೆಕೆಂಡ್ ಅಮೆಂಡ್‌ಮೆಂಟ್' ಪುಸ್ತಕದ ವಸ್ತು. ಈ ಎರಡು ಎಳೆಗಳು ಕೂಡುವ ಜಾಗವೇ ಪ್ರಸ್ತುತ ಲೇಖನದ ವಿಷಯ. ನನ್ನ ವಾದ ಇಷ್ಟು: ಪಿಸ್ತೂಲು ಯಾರು ಒಯ್ಯಬಹುದೆಂದು ಮೊದಲೇ ತೀರ್ಮಾನಿಸುವ ಅಧಿಕಾರ ಷೆರಿಫ್ ಮತ್ತು ನ್ಯಾಯಾಧೀಶರ ಕೈಯಲ್ಲಿತ್ತು, 1980ರ ದಶಕದಿಂದೀಚೆಗೆ ಅದನ್ನು ಕಿತ್ತುಕೊಂಡಾಗ ಅದು ಇಲ್ಲವಾಗಲಿಲ್ಲ, ಗಸ್ತಿನ ಪೊಲೀಸನ ಕೈಗೆ ದಾಟಿತು.

ಮರೆಮಾಚುವುದೇ ಅಪರಾಧವಾಗಿದ್ದ ಕಾಲ

ಮರೆಯಾಗಿ ಆಯುಧ ಒಯ್ಯುವುದನ್ನು ಮೊದಲು ನಿಷೇಧಿಸಿದ ರಾಜ್ಯಗಳು ಇಂದು ಬಂದೂಕುಪ್ರೇಮಕ್ಕೆ ಹೆಸರಾದ ದಕ್ಷಿಣದವು ಎಂಬುದು ಹಲವರಿಗೆ ಆಶ್ಚರ್ಯ ತಂದೀತು. ಕೆಂಟಕಿ ಮತ್ತು ಲೂಯಿಸಿಯಾನಾ 1813ರಲ್ಲೇ ಇಂಥ ಕಾನೂನು ಮಾಡಿದವು. ಊರುಗೋಲಿನೊಳಗೆ ಕತ್ತಿ ಅಡಗಿಸಿಟ್ಟುಕೊಂಡಿದ್ದವನೊಬ್ಬನ ಮೊಕದ್ದಮೆಯಲ್ಲಿ ಕೆಂಟಕಿಯ ನ್ಯಾಯಾಲಯ 1822ರಲ್ಲಿ ಆ ರಾಜ್ಯದ ನಿಷೇಧವನ್ನು ರದ್ದುಮಾಡಿತು. ರಾಜ್ಯ ಸುಮ್ಮನಿರಲಿಲ್ಲ; 1850ರ ಹೊಸ ಸಂವಿಧಾನದಲ್ಲಿ ಮರೆಯಾಯುಧವನ್ನು ತಡೆಯುವ ಅಧಿಕಾರವನ್ನು ಶಾಸನಸಭೆಗೆ ಬರೆದುಕೊಟ್ಟಿತು. ಜಾರ್ಜಿಯಾದ ಸುಪ್ರೀಂ ಕೋರ್ಟು 1846ರಲ್ಲಿ, ಲೂಯಿಸಿಯಾನಾದ್ದು 1850ರಲ್ಲಿ ಬಹಿರಂಗವಾಗಿ ಒಯ್ಯುವುದು ಹಕ್ಕು, ಅಡಗಿಸಿ ಒಯ್ಯುವುದನ್ನು ತಡೆಯಬಹುದು ಎಂದವು. ಮಾನವಂತ ಸೊಂಟದ ಆಯುಧವನ್ನು ತೋರಿಸಿಯೇ ಓಡಾಡುತ್ತಾನೆ, ಅಡಗಿಸುವವನು ಹೊಂಚು ಹಾಕುವವನು ಎಂಬ ಆ ಕಾಲದ ನಂಬಿಕೆ ತೀರ್ಪುಗಳ ಹಿಂದಿದೆ. ಈ ಚಿತ್ರದಲ್ಲಿ ಇನ್ನೂ ಪರವಾನಗಿ ಇಲ್ಲ. ಇದ್ದದ್ದು ನಿಷೇಧ ಅಥವಾ ಸ್ವಾತಂತ್ರ್ಯ.

ಪರವಾನಗಿ ಬಂದದ್ದು ನಿಷೇಧ ಯಾರ ಮೇಲೆ ಬೀಳಬೇಕೆಂದು ಆಯ್ದುಕೊಳ್ಳುವುದಕ್ಕೆ. ಫ್ಲಾರಿಡಾದ 1893ರ ಕಾನೂನು ಇದಕ್ಕೆ ಅತ್ಯಂತ ನಿಚ್ಚಳ ಸಾಕ್ಷಿ. ವಿಂಚೆಸ್ಟರ್‌ನಂಥ ಬಂದೂಕು ಹಿಡಿದು ಓಡಾಡಲು ಕೌಂಟಿ ಆಯುಕ್ತರಿಂದ ಪರವಾನಗಿ, ಜೊತೆಗೆ 100 ಡಾಲರಿನ ಮುಚ್ಚಳಿಕೆ ಬೇಕಾಯಿತು. 1901ರಲ್ಲಿ ಪಿಸ್ತೂಲನ್ನೂ ಸೇರಿಸಲಾಯಿತು. ಕಾರಿನಲ್ಲಿ ಪಿಸ್ತೂಲಿಟ್ಟುಕೊಂಡಿದ್ದ ವ್ಯಕ್ತಿಯ ಪ್ರಕರಣ 1941ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ಬುಫರ್ಡ್ ತಮ್ಮ ಸಹಮತದ ತೀರ್ಪಿನಲ್ಲಿ ಮುಚ್ಚುಮರೆಯಿಲ್ಲದೆ ಬರೆದರು: ಈ ಕಾನೂನು ಕರಿಯ ಕೂಲಿಗಳ ಕೈಯಿಂದ ಆಯುಧ ಕಿತ್ತುಕೊಳ್ಳಲು ಆದದ್ದು, ಬಿಳಿಯರಿಗೆ ಅನ್ವಯಿಸುವ ಉದ್ದೇಶ ಎಂದೂ ಇರಲಿಲ್ಲ. ಸಂಶೋಧಕನಿಗೆ ಇಷ್ಟು ನೇರವಾದ ಒಪ್ಪಿಗೆ ನ್ಯಾಯಪೀಠದಿಂದ ಸಿಗುವುದು ಅಪರೂಪ. ಆ ವಾಕ್ಯ ಹುಟ್ಟಿದ್ದು ಕಾರಿನೊಳಗಿನ ಪಿಸ್ತೂಲಿನ ಮೊಕದ್ದಮೆಯಲ್ಲಿ ಎಂಬುದನ್ನೂ ಗಮನಿಸಬೇಕು.

ಪಿಸ್ತೂಲಿಗೆ ಪರವಾನಗಿ ಬೇಕೆಂದ ನ್ಯೂಯಾರ್ಕಿನ ಸಲಿವನ್ ಕಾನೂನು 1911ರ ಆಗಸ್ಟ್ 31ರಂದು ಜಾರಿಗೆ ಬಂತು. ಇಟಲಿಯಿಂದ ಬಂದ ವಲಸಿಗರ ಬಗೆಗಿನ ಅನುಮಾನ ಅದರ ಹಿನ್ನೆಲೆಯಲ್ಲಿತ್ತು. ಪಿಸ್ತೂಲು ಒಯ್ಯಲು 'ಸೂಕ್ತ ಕಾರಣ' ತೋರಿಸಬೇಕೆಂಬ ಷರತ್ತು 1913ರಲ್ಲಿ ಸೇರಿತು. ಕಾರಣ ಸೂಕ್ತವೋ ಅಲ್ಲವೋ ಎಂದು ಹೇಳುವವನು ಅಧಿಕಾರಿ. 1930ರ ದಶಕದಲ್ಲಿ ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ಮೊದಲಾದ ರಾಜ್ಯಗಳು ಒಪ್ಪಿಕೊಂಡ ಮಾದರಿ ಕಾನೂನು ಇನ್ನೊಂದು ಹೆಜ್ಜೆ ಮುಂದಿಟ್ಟು, ವಾಹನದಲ್ಲಿ ಪಿಸ್ತೂಲಿಡುವುದನ್ನೂ ಮೈಮೇಲೆ ಮರೆಯಾಗಿ ಒಯ್ಯುವುದನ್ನೂ ಒಂದೇ ವಾಕ್ಯದಲ್ಲಿ ಜೋಡಿಸಿತು. ಎರಡಕ್ಕೂ ಪರವಾನಗಿ ಬೇಕು.

ಪರವಾನಗಿಯನ್ನು ಅಧಿಕಾರಿ ತನ್ನ ವಿವೇಚನೆಯಂತೆ 'ಕೊಡಬಹುದು' ಎನ್ನುವ ಈ ವ್ಯವಸ್ಥೆ ಹೇಗೆ ನಡೆಯುತ್ತಿತ್ತೆಂಬುದಕ್ಕೆ 1956ರ ಅಲಬಾಮಾ ಒಂದೇ ಸಾಕು. ಜನವರಿ 30ರಂದು ಮಾಂಟ್‌ಗಮರಿಯಲ್ಲಿ ಮನೆಯ ಮೇಲೆ ಬಾಂಬು ಬಿದ್ದ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಪಿಸ್ತೂಲು ಒಯ್ಯಲು ಪರವಾನಗಿ ಕೇಳಿದರು. ಅರ್ಜಿ ತಿರಸ್ಕೃತವಾಯಿತು. ಅಹಿಂಸೆಯ ನಾಯಕ ಪಿಸ್ತೂಲಿಗೆ ಅರ್ಜಿ ಹಾಕಿದ್ದು ನಮ್ಮ ಓದುಗರಿಗೆ ವಿಚಿತ್ರವೆನಿಸಬಹುದು. ಮನೆಗೆ ಬಾಂಬು ಬಿದ್ದದ್ದೂ ಅಲ್ಲಿ 'ಸೂಕ್ತ ಕಾರಣ' ಆಗಲಿಲ್ಲ ಎಂಬುದು ನನಗೆ ಅದಕ್ಕಿಂತ ಮುಖ್ಯ.

'ಕೊಡಬಹುದು' ಹೋಗಿ 'ಕೊಡಲೇಬೇಕು' ಬಂದದ್ದು

ವಾಷಿಂಗ್ಟನ್ ರಾಜ್ಯ 1961ರಲ್ಲೇ ಅರ್ಹರಿಗೆ ಪರವಾನಗಿ ಕೊಡಲೇಬೇಕೆಂದಿತ್ತು. ಅಲೆ ಎದ್ದದ್ದು 1987ರ ಫ್ಲಾರಿಡಾದಿಂದ. ಆ ವರ್ಷ ಅಕ್ಟೋಬರ್ 1ರಿಂದ ಪರವಾನಗಿ ಕೌಂಟಿಗಳ ಕೈತಪ್ಪಿ ರಾಜ್ಯ ಸರ್ಕಾರದ ಇಲಾಖೆಗೆ ಹೋಯಿತು. ವಯಸ್ಸು, ತರಬೇತಿ, ಅಪರಾಧವಿಲ್ಲದ ಹಿನ್ನೆಲೆ ಇದ್ದರೆ ಅಧಿಕಾರಿ ಇಲ್ಲವೆನ್ನುವಂತಿಲ್ಲ. ಟೆಕ್ಸಾಸಿನ ಕಿಲೀನ್ ಊರಿನ ಲೂಬಿಸ್ ಕೆಫೆಟೇರಿಯಾದಲ್ಲಿ 1991ರ ಅಕ್ಟೋಬರ್ 16ರಂದು ಹಂತಕನೊಬ್ಬ 23 ಮಂದಿಯನ್ನು ಕೊಂದ. ತಂದೆ ತಾಯಿ ಇಬ್ಬರನ್ನೂ ಅಲ್ಲಿ ಕಳೆದುಕೊಂಡ ಸುಝಾನಾ ಹಪ್, ತಮ್ಮ ರಿವಾಲ್ವರನ್ನು ಕಾನೂನಿಗೆ ಹೆದರಿ ಕಾರಿನಲ್ಲೇ ಬಿಟ್ಟುಬಂದಿದ್ದೆನೆಂದು ಊರೂರಿನಲ್ಲಿ ಸಾಕ್ಷ್ಯ ನುಡಿದರು. 1995ರಲ್ಲಿ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್ ಟೆಕ್ಸಾಸಿನ ಕಾನೂನಿಗೆ ಸಹಿ ಹಾಕಿದರು. ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು: ಪೂರ್ಣ ನಿಷೇಧ ಉಳಿಸಿಕೊಂಡಿದ್ದ ಕೊನೆಯ ರಾಜ್ಯ ಇಲಿನಾಯ್ 2013ರಲ್ಲಿ ಕೋರ್ಟಿನ ಆದೇಶಕ್ಕೆ ಮಣಿಯಿತು, ಸುಪ್ರೀಂ ಕೋರ್ಟಿನ 2022ರ ಜೂನ್ 23ರ 'ಬ್ರೂಯೆನ್' ತೀರ್ಪು ನ್ಯೂಯಾರ್ಕಿನ 'ಸೂಕ್ತ ಕಾರಣ'ವನ್ನು ಅಳಿಸಿತು. ಅಷ್ಟರಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ವರ್ಮಾಂಟ್‌ನಲ್ಲಿ ಪರವಾನಗಿಯ ಪದ್ಧತಿಯೇ ಇರಲಿಲ್ಲ. ಅಲಾಸ್ಕಾ 2003ರಲ್ಲಿ, ಅರಿಝೋನಾ 2010ರಲ್ಲಿ ಅದನ್ನು ಐಚ್ಛಿಕಗೊಳಿಸಿದವು. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರವಾನಗಿಯಿಲ್ಲದೆ ಮರೆಯಾಗಿ ಪಿಸ್ತೂಲು ಒಯ್ಯಬಹುದಾಗಿತ್ತು.

ರಸ್ತೆಬದಿಯ ಕಾನೂನು

ಇಪ್ಪತ್ತನೆಯ ಶತಮಾನದಲ್ಲೇ ರಸ್ತೆಯ ಮೇಲೆ ಬೇರೆಯದೇ ಕಾನೂನು ಬೆಳೆಯುತ್ತಿತ್ತು, ಅದೂ ತದ್ವಿರುದ್ಧ ದಿಕ್ಕಿನಲ್ಲಿ. ಪಾನನಿಷೇಧದ ಕಾಲದಲ್ಲಿ ಮಿಶಿಗನ್‌ನ ಹೆದ್ದಾರಿಯಲ್ಲಿ ಸೀಟಿನ ಬೆನ್ನೊಳಗೆ ಬಚ್ಚಿಟ್ಟಿದ್ದ 68 ಬಾಟಲಿ ಮದ್ಯ ಸಿಕ್ಕ 'ಕ್ಯಾರಲ್' ಪ್ರಕರಣದಲ್ಲಿ, ವಾರಂಟಿಲ್ಲದೆಯೂ ಕಾರು ಶೋಧಿಸಬಹುದೆಂದು ಸುಪ್ರೀಂ ಕೋರ್ಟು 1925ರಲ್ಲಿ ಹೇಳಿತು. 1968ರ 'ಟೆರಿ' ತೀರ್ಪು, ವ್ಯಕ್ತಿ ಸಶಸ್ತ್ರನೂ ಅಪಾಯಕಾರಿಯೂ ಆಗಿರಬಹುದೆಂಬ ಸಮಂಜಸ ಅನುಮಾನವಿದ್ದರೆ ಮೈ ತಡವಿ ನೋಡಲು ಪೊಲೀಸರಿಗೆ ಅವಕಾಶ ಕೊಟ್ಟಿತು. ಇಲ್ಲಿ ಎರಡು ಷರತ್ತುಗಳಿವೆ ಎಂಬುದನ್ನು ನೆನಪಿಡಬೇಕು. ಮುಂದಿನ ಜಗಳವೆಲ್ಲ ಎರಡನೆಯದರ ಸುತ್ತಲಿನದು.

1972ರ 'ಆಡಮ್ಸ್' ಪ್ರಕರಣದಲ್ಲಿ ಕನೆಟಿಕಟ್‌ನ ಪೊಲೀಸನೊಬ್ಬ ಬಾತ್ಮೀದಾರನ ಮಾತು ನಂಬಿ, ನಿಂತಿದ್ದ ಕಾರಿನೊಳಗೆ ಕೈಹಾಕಿ ಸವಾರನ ಸೊಂಟದ ರಿವಾಲ್ವರನ್ನು ಕಸಿದುಕೊಂಡಿದ್ದ. ಬಹುಮತ ಅದನ್ನು ಒಪ್ಪಿತು. ಪರವಾನಗಿ ಇದ್ದರೆ ಈ ರಾಜ್ಯದಲ್ಲಿ ಪಿಸ್ತೂಲು ಒಯ್ಯುವುದು ಕಾನೂನುಬದ್ಧ, ಹಾಗಿರುವಾಗ 'ಅವನ ಬಳಿ ಪಿಸ್ತೂಲಿದೆ' ಎಂಬ ಸುದ್ದಿಯೊಂದರಿಂದಲೇ ಅಪರಾಧದ ಅನುಮಾನ ಹುಟ್ಟುವುದು ಹೇಗೆ ಎಂದು ಭಿನ್ನಮತದಲ್ಲಿ ಕೇಳಲಾಯಿತು. ಬಹುತೇಕ ರಾಜ್ಯಗಳಲ್ಲಿ ಪರವಾನಗಿ ವಿರಳವಾಗಿದ್ದ ಆ ದಿನಗಳಲ್ಲಿ ಈ ಪ್ರಶ್ನೆ ಯಾರಿಗೂ ತುರ್ತೆನಿಸಲಿಲ್ಲ. 1977ರ 'ಮಿಮ್ಸ್' ತೀರ್ಪಿನಿಂದ ಚಾಲಕನನ್ನು ಕಾರಿನಿಂದ ಇಳಿಸುವ ಅಧಿಕಾರ ಬಂತು, 1983ರ 'ಲಾಂಗ್' ತೀರ್ಪಿನಿಂದ ಆಯುಧಕ್ಕಾಗಿ ಕಾರಿನ ಒಳಭಾಗ ತಡಕುವ ಅಧಿಕಾರ. ಸಂಚಾರ ನಿಯಮ ಮುರಿದದ್ದು ನಿಜವಾದರೆ ಸಾಕು, ಪೊಲೀಸನ ಮನಸ್ಸಿನಲ್ಲಿ ಬೇರೇನಿತ್ತೆಂದು ಕೋರ್ಟು ಕೇಳುವುದಿಲ್ಲ ಎಂದಿತು 1996ರ 'ರೆನ್' ತೀರ್ಪು. ಗಮನಿಸಿ: ಷೆರಿಫನ ಮೇಜಿನಿಂದ ವಿವೇಚನೆಯನ್ನು ತೆಗೆಯುತ್ತಿದ್ದ ದಶಕದಲ್ಲೇ ಗಸ್ತಿನವನ ವಿವೇಚನೆಗೆ ಹೆಚ್ಚೂಕಡಿಮೆ ಕಡಿವಾಣ ತಪ್ಪಿತ್ತು.

ಎರಡೂ ಕಾನೂನುಗಳು ಕೂಡಿದ ಜಾಗದಲ್ಲಿ ಶಾಸನಸಭೆಗಳು 'ತಿಳಿಸುವ ಕರ್ತವ್ಯ'ವನ್ನು ತಂದವು. ಪೊಲೀಸ್ ಸಂಘಟನೆಗಳ ಆತಂಕವನ್ನು ತಣಿಸಲು ಪರವಾನಗಿ ಕಾನೂನಿನ ಜೊತೆಗೇ ಒಪ್ಪಿಕೊಂಡ ರಾಜಿ ಇದೆಂದು ನಾನು ಓದಿಕೊಳ್ಳುತ್ತೇನೆ. ರಾಜ್ಯದಿಂದ ರಾಜ್ಯಕ್ಕೆ ಅದರ ರೂಪ ಬದಲಾಗುತ್ತದೆ. ಮಿಶಿಗನ್‌ನಲ್ಲಿ ಪೊಲೀಸರು ಕಾರು ನಿಲ್ಲಿಸಿದ ತಕ್ಷಣ ಪಿಸ್ತೂಲಿದೆಯೆಂದು ಹೇಳಬೇಕು. ಮೊದಲ ಸಲ ತಪ್ಪಿದರೆ 500 ಡಾಲರ್ ದಂಡ, ಆರು ತಿಂಗಳು ಪರವಾನಗಿ ಅಮಾನತು. ಮಿನೆಸೋಟಾದಲ್ಲಿ ಕೇಳಿದರೆ ಮಾತ್ರ ಹೇಳಬೇಕು. ಟೆಕ್ಸಾಸಿನಲ್ಲಿ ಗುರುತಿನ ಚೀಟಿ ಕೇಳಿದಾಗ ಪಿಸ್ತೂಲಿನ ಪರವಾನಗಿಯನ್ನೂ ತೋರಿಸಬೇಕೆಂಬ ನಿಯಮ ಉಳಿಯಿತು, ಶಿಕ್ಷೆ 2009ರಲ್ಲಿ ಹೋಯಿತು. ಮೇನ್ ರಾಜ್ಯದ್ದು ಇನ್ನೂ ಸ್ವಾರಸ್ಯ: ಪರವಾನಗಿ ಇಲ್ಲದೆ ಒಯ್ಯುವವನು ತಾನಾಗಿ ಹೇಳಬೇಕು, ಇದ್ದವನು ಹೇಳಬೇಕಾಗಿಲ್ಲ. ಒಹಾಯೊದಲ್ಲಿ 2004ರಿಂದ 'ವಿಳಂಬವಿಲ್ಲದೆ' ತಿಳಿಸಬೇಕಿತ್ತು. ಎಷ್ಟು ಹೊತ್ತಾದರೆ ವಿಳಂಬ? 2011ರಲ್ಲಿ ಕ್ಯಾಂಟನ್ ನಗರದ ಪೊಲೀಸ್ ಕಾರಿನ ಕ್ಯಾಮೆರಾ ದಾಖಲಿಸಿದ ಘಟನೆಯಲ್ಲಿ, ಹೇಳಲು ಬಾಯಿ ತೆರೆದ ಚಾಲಕನನ್ನು ಸುಮ್ಮನಾಗಿಸಿದ ಅಧಿಕಾರಿಯೇ ಆಮೇಲೆ ಅವನು ಮೊದಲೇ ಹೇಳಲಿಲ್ಲವೆಂದು ಕೊಲ್ಲುವ ಬೆದರಿಕೆ ಹಾಕಿದ್ದ. 2022ರ ಜೂನ್ 13ರಿಂದ ಒಹಾಯೊ ಪರವಾನಗಿಯನ್ನೂ ಕೈಬಿಟ್ಟಿತು, ಕೇಳಿದರೆ ಮಾತ್ರ ಹೇಳಿದರೆ ಸಾಕು ಎಂದೂ ಬದಲಿಸಿತು.

ಪಿಸ್ತೂಲು ತರಬೇತಿಯ ಶಿಬಿರಗಳಲ್ಲಿ ಇದೆಲ್ಲ ಒಂದು ಶಿಸ್ತಾಗಿ ಬೆಳೆದಿದೆ: ಎಂಜಿನ್ ಆರಿಸು, ಒಳಗಿನ ದೀಪ ಹಾಕು, ಎರಡೂ ಕೈ ಸ್ಟಿಯರಿಂಗಿನ ಮೇಲಿಡು, ಹೇಳದೆ ಜೇಬಿಗೆ ಕೈಹಾಕಬೇಡ. 2016ರ ಜುಲೈ 6ರ ಸಂಜೆ ಮಿನೆಸೋಟಾದ ಫಾಲ್ಕನ್ ಹೈಟ್ಸ್‌ನಲ್ಲಿ ಬ್ರೇಕ್ ಲೈಟಿನ ನೆಪದಲ್ಲಿ ನಿಲ್ಲಿಸಿದ ಕಾರಿನ ಚಾಲಕ ಫಿಲಾಂಡೊ ಕ್ಯಾಸ್ಟೀಲ್, ಸೇಂಟ್ ಪಾಲ್‌ನ ಶಾಲೆಯೊಂದರ ಊಟದ ಮೇಲ್ವಿಚಾರಕ, ಕರಿಯ, ಪರವಾನಗಿ ಉಳ್ಳವನು. ಕಾನೂನು ಕೇಳದಿದ್ದರೂ ತನ್ನ ಬಳಿ ಪಿಸ್ತೂಲಿದೆಯೆಂದು ವಿನಯದಿಂದಲೇ ತಿಳಿಸಿದ. ಕೆಲವೇ ಕ್ಷಣಗಳಲ್ಲಿ ಅಧಿಕಾರಿ ಏಳು ಗುಂಡು ಹಾರಿಸಿದ. ಆ ಅಧಿಕಾರಿಯನ್ನು ತೀರ್ಪುಗಾರರ ಮಂಡಳಿ 2017ರ ಜೂನ್ 16ರಂದು ದೋಷಮುಕ್ತಗೊಳಿಸಿತು. ಪರವಾನಗಿಯ ಚೀಟಿ ಸರ್ಕಾರದ ಒಂದು ಕಚೇರಿ ಕೊಟ್ಟ ನಂಬಿಕೆಯ ಪತ್ರ. ಅದೇ ಸರ್ಕಾರದ ಇನ್ನೊಂದು ಕೈ ಅದನ್ನು ಓದುವಷ್ಟು ಹೊತ್ತೂ ಕಾಯಲಿಲ್ಲ.

ನ್ಯಾಯಾಲಯಗಳು ಆಡಮ್ಸ್ ಪ್ರಕರಣದ ಭಿನ್ನಮತಕ್ಕೆ ಮತ್ತೆ ಬಂದದ್ದು 2010ರ ದಶಕದಲ್ಲೇ, ಆದರೆ ಒಂದೊಂದು ಒಂದೊಂದು ಕಡೆಗೆ. 2015ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವಾದ ಆರನೆಯ ಸರ್ಕಿಟ್ ಕೋರ್ಟು, ಟೊಲೀಡೊ ನಗರದಲ್ಲಿ ಪಿಸ್ತೂಲು ಕಾಣುವಂತೆ ಕಟ್ಟಿಕೊಂಡು ನಾಯಿ ಅಡ್ಡಾಡಿಸುತ್ತಿದ್ದವನನ್ನು ತಡೆದದ್ದು ತಪ್ಪೆಂದಿತು; ರಾಜ್ಯ ಅನುಮತಿಸಿದ್ದನ್ನು ಪೊಲೀಸರು ಅನುಮಾನಕ್ಕೆ ಆಧಾರ ಮಾಡುವಂತಿಲ್ಲ. ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು 2019ರ 'ಹಿಕ್ಸ್' ತೀರ್ಪಿನಲ್ಲಿ ಮರೆಯಾಯುಧಕ್ಕೂ ಇದೇ ತರ್ಕ ಹಚ್ಚಿತು. ನಡುವೆ 2017ರಲ್ಲಿ ನಾಲ್ಕನೆಯ ಸರ್ಕಿಟ್ ಕೋರ್ಟಿನ ಪೂರ್ಣಪೀಠ 'ರಾಬಿನ್ಸನ್' ಪ್ರಕರಣದಲ್ಲಿ ಬೇರೆ ಹಾದಿ ಹಿಡಿದಿತ್ತು. ವೆಸ್ಟ್ ವರ್ಜೀನಿಯಾದಲ್ಲಿ ಸೀಟ್ ಬೆಲ್ಟಿಗಾಗಿ ನಿಲ್ಲಿಸಿದ ಕಾರಿನ ಸವಾರನ ಬಳಿ ಆಯುಧವಿದೆಯೆಂಬ ಅನುಮಾನವಿದ್ದರೆ, ಅದು ಕಾನೂನುಬದ್ಧವಾಗಿದ್ದರೂ, ತಡವಿ ನೋಡಬಹುದು. ಸಶಸ್ತ್ರ ಎಂದಮೇಲೆ ಅಪಾಯಕಾರಿ. 'ಟೆರಿ'ಯ ಎರಡು ಷರತ್ತುಗಳು ಇಲ್ಲಿ ಒಂದಾಗಿಬಿಟ್ಟವು. ಈ ತೀರ್ಪು ದುರ್ಬಲವೆಂದೇ ನನ್ನ ಅಭಿಪ್ರಾಯ: ರಾಜ್ಯ ಹಕ್ಕೆಂದು ಕೊಟ್ಟದ್ದಕ್ಕೆ ರಸ್ತೆಬದಿಯಲ್ಲಿ ಬೇರೊಂದು ಹಕ್ಕನ್ನು ಬೆಲೆಯಾಗಿ ಕೇಳುತ್ತದೆ.

ಸೇತುವೆಯ ಆಚೆ

ಒಂದು ರಾಜ್ಯದ ಚಾಲನಾ ಪರವಾನಗಿ ದೇಶವೆಲ್ಲ ನಡೆಯುತ್ತದೆ, ಪಿಸ್ತೂಲಿನ ಪರವಾನಗಿ ನಡೆಯುವುದಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ಕರಿಯ ತಾಯಿಯೊಬ್ಬಳು ಸೇತುವೆಯಾಚೆಯ ನ್ಯೂಜೆರ್ಸಿಯ ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದಾಗ ತನ್ನ ಬಳಿ ಪಿಸ್ತೂಲೂ ಪೆನ್ಸಿಲ್ವೇನಿಯಾದ ಪರವಾನಗಿಯೂ ಇವೆಯೆಂದು ತಾನಾಗಿಯೇ ಹೇಳಿದಳು. ತಕ್ಷಣ ಬಂಧನವಾಯಿತು, ವರ್ಷಗಟ್ಟಲೆ ಕಡ್ಡಾಯ ಸೆರೆವಾಸದ ಕಾನೂನು ಎದುರಿಗಿತ್ತು. 2015ರ ಏಪ್ರಿಲಿನಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಖಾಲಿ ಮಾಡಿದ ಪಿಸ್ತೂಲನ್ನು ಕೈಗೆಟುಕದಂತೆ ಬೀಗ ಹಾಕಿ ಸಾಗಿಸುವ ಪ್ರಯಾಣಿಕರಿಗೆ 1986ರ ಫೆಡರಲ್ ಕಾನೂನು ರಕ್ಷಣೆ ಕೊಡುತ್ತದೆಯೇ ಹೊರತು ಸೊಂಟದಲ್ಲಿಟ್ಟುಕೊಂಡವರಿಗಲ್ಲ. ಎಲ್ಲ ರಾಜ್ಯಗಳೂ ಪರಸ್ಪರರ ಪರವಾನಗಿ ಮನ್ನಿಸಬೇಕೆಂಬ ಮಸೂದೆ 2017ರ ಡಿಸೆಂಬರ್ 6ರಂದು ಪ್ರತಿನಿಧಿ ಸಭೆಯಲ್ಲಿ 231–198 ಮತಗಳಿಂದ ಗೆದ್ದರೂ ಸೆನೆಟ್ ದಾಟಲಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಇಲ್ಲಿ ಒಂದು ಮಾತು ಹೇಳಬೇಕು. ಎಚ್-1ಬಿ ಮೊದಲಾದ ವಲಸೆಯೇತರ ವೀಸಾದಲ್ಲಿ ಇರುವವರು ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಬಂದೂಕು ಹೊಂದುವುದನ್ನು ಫೆಡರಲ್ ಕಾನೂನು 1998ರಿಂದ ನಿಷೇಧಿಸಿದೆ; ಪರವಾನಗಿಯೇ ಬೇಡವೆನ್ನುವ 29 ರಾಜ್ಯಗಳಲ್ಲೂ ಆ ನಿಷೇಧ ಹಾಗೇ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಅದು ಅನ್ವಯಿಸದು. ಸ್ನೇಹಿತನ ಕಾರು ಪಡೆದು ಹೆದ್ದಾರಿಗೆ ಇಳಿಯುವ ಮೊದಲು ಗ್ಲೋವ್ ಬಾಕ್ಸಿನಲ್ಲಿ ಏನಿದೆಯೆಂದು ಕೇಳಿಕೊಳ್ಳಿ.