ಮೋಡಗಳ ಚಿತ್ರವೂ ಅದನ್ನು ಕಂಡ ಜನರೂ

ಹವಾಮಾನ ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಉಪಕರಣಗಳ ಚರಿತ್ರೆಯನ್ನೇ ಬರೆದು ತೃಪ್ತರಾಗುತ್ತಾರೆ. ಯಾವ ಯಂತ್ರ ಯಾವ ವರ್ಷ ಹುಟ್ಟಿತು, ಅದಕ್ಕಿಂತ ಮೇಲಾದುದು ಎಂದು ಬಂದಿತು ಎಂಬುದೇ ಅಲ್ಲಿ ಮುಖ್ಯ. ಯಂತ್ರವು ಕೊಟ್ಟ ಚಿತ್ರವನ್ನು ಯಾರು ಕಂಡರು, ಕಂಡವರಿಗೆ ಏನು ತಿಳಿಯಿತು ಎಂಬ ಪ್ರಶ್ನೆಯನ್ನು ನಾವಿಲ್ಲಿ ಎತ್ತಿಕೊಂಡಿದ್ದೇವೆ.

ರೇಡಾರ್ ಬೆಳೆದುದು ಶತ್ರುವಿಮಾನಗಳ ಪತ್ತೆಗಾಗಿ. ಎರಡನೆಯ ಮಹಾಯುದ್ಧದಲ್ಲಿ ಅದರ ತೆರೆಯ ಮೇಲೆ ಮಳೆಯು ಮೂಡಿಸುತ್ತಿದ್ದ ಮಸುಕು ಸೈನಿಕರಿಗೆ ಬರಿಯ ಕಾಟವಾಗಿತ್ತು. ಯುದ್ಧಾನಂತರ ಆ ಕಾಟವೇ ಹವಾಮಾನತಜ್ಞರಿಗೆ ವರವಾಯಿತು. ಆದರೂ ಅದು ಬಹುಕಾಲ ತಜ್ಞರ ಕೋಣೆಯ ಸೊತ್ತಾಗಿಯೇ ಉಳಿಯಿತು.

ಆ ಕೋಣೆಯ ಬಾಗಿಲು ಜನರಿಗೆ ತೆರೆದ ಸಂದರ್ಭಗಳಲ್ಲಿ 1961ರ ಸೆಪ್ಟೆಂಬರಿನದು ಸ್ಮರಣೀಯವಾದುದು. ಸ್ಥಳ, ಅಮೆರಿಕದ ಟೆಕ್ಸಾಸ್ ಕರಾವಳಿಯ ಗ್ಯಾಲ್ವೆಸ್ಟನ್. 1900ರ ಚಂಡಮಾರುತದಲ್ಲಿ ಕಡಲು ಉಕ್ಕಿ ಈ ಊರಿನಲ್ಲಿಯೂ ಸುತ್ತಲೂ ಸುಮಾರು 8,000 ಮಂದಿ ಸತ್ತಿದ್ದರು. ಈಗ ಕಾರ್ಲಾ ಎಂಬ ಇನ್ನೊಂದು ಚಂಡಮಾರುತ ಮೆಕ್ಸಿಕೊ ಕೊಲ್ಲಿಯಲ್ಲಿ ಏರಿಬರುತ್ತಿತ್ತು. ಹ್ಯೂಸ್ಟನ್ನಿನ ಟೆಲಿವಿಷನ್ ಕೇಂದ್ರದ ತರುಣ ವರದಿಗಾರ ಡ್ಯಾನ್ ರಾದರ್ ಗ್ಯಾಲ್ವೆಸ್ಟನ್ನಿನ ಹವಾಮಾನ ಕಚೇರಿಗೆ ಹೋಗಿ, ಅಲ್ಲಿಯ ರೇಡಾರ್ ತೆರೆಯನ್ನೇ ಜನರಿಗೆ ತೋರಿಸಿದರು. ಬರಿಯ ಸುರುಳಿಯನ್ನು ತೋರಿಸಿದ್ದರೆ ಜನ ಬೆರಗಾಗುತ್ತಿದ್ದರು, ಅಷ್ಟೆ. ಅದರ ಗಾತ್ರ ಯಾರಿಗೂ ಹೊಳೆಯುತ್ತಿರಲಿಲ್ಲ. ಆದುದರಿಂದ ಪಾರದರ್ಶಕ ಹಾಳೆಯೊಂದರ ಮೇಲೆ ಕೊಲ್ಲಿಯ ತೀರರೇಖೆಯನ್ನು ಬರೆಯಿಸಿ, ಅದನ್ನು ತೆರೆಯ ಮುಂದೆ ಹಿಡಿಯಲಾಯಿತು. ಬಿರುಗಾಳಿಯು ತಮ್ಮ ಕೊಲ್ಲಿಯ ಎಷ್ಟು ಭಾಗವನ್ನು ನುಂಗಿದೆಯೆಂಬುದನ್ನು ಜನ ಮನೆಯಲ್ಲಿಯೇ ಕುಳಿತು ಕಣ್ಣಾರೆ ಕಂಡರು. ಲಕ್ಷಗಟ್ಟಲೆ ಮಂದಿ ಒಳನಾಡಿಗೆ ಸರಿದರು. 11ರಂದು ಕಾರ್ಲಾ ದಡ ಮುಟ್ಟಿತು. ಅಮೆರಿಕದಲ್ಲಿ ಅದಕ್ಕೆ ಬಲಿಯಾದವರ ಸಂಖ್ಯೆ 50ನ್ನು ಮುಟ್ಟಲಿಲ್ಲ. ಇದೆಲ್ಲವೂ ಒಂದು ಹಾಳೆಯ ಮಹಿಮೆಯೆಂದರೆ ಅತಿಶಯೋಕ್ತಿಯಾದೀತು. ಹವಾಮಾನ ಇಲಾಖೆಯ ಎಚ್ಚರಿಕೆಗಳೂ, 1900ರ ತರುವಾಯ ಕಟ್ಟಿದ ಕಡಲಗೋಡೆಯೂ ತಮ್ಮ ಕೆಲಸವನ್ನು ಮಾಡಿದ್ದವು. ಆದರೆ ಹಾಳೆಯನ್ನು ಮರೆಯುವುದೂ ನ್ಯಾಯವಲ್ಲ.

ಆಕಾಶದಿಂದ ಬಂದ ಚಿತ್ರಗಳ ಕಥೆಯೂ ಹೀಗೆಯೇ. 1960ರ ಏಪ್ರಿಲ್ 1ರಂದು ಮೇಲೇರಿದ ಟೈರಾಸ್-1 ಉಪಗ್ರಹವು 78 ದಿನಗಳಲ್ಲಿ 22,952 ಚಿತ್ರಗಳನ್ನು ಕಳುಹಿಸಿತು. ಅವು ಇಳಿಯುತ್ತಿದ್ದುದು ಬೆರಳೆಣಿಕೆಯ ಕೇಂದ್ರಗಳಿಗೆ ಮಾತ್ರ. 1963ರ ಡಿಸೆಂಬರಿನಲ್ಲಿ ಹಾರಿದ ಟೈರಾಸ್-8 ಬೇರೊಂದು ಪದ್ಧತಿಯನ್ನು ತಂದಿತು. ತಾನು ಹಾದುಹೋಗುವ ನೆಲದ ಚಿತ್ರವನ್ನು ಅದು ಆಗಲೇ, ಗೆರೆಗೆರೆಯಾಗಿ, ರೇಡಿಯೊ ಅಲೆಗಳ ಮೂಲಕ ಬಿತ್ತರಿಸುತ್ತಿತ್ತು. ಅದಕ್ಕೆ ಗೂಢಲಿಪಿಯಿರಲಿಲ್ಲ, ಶುಲ್ಕವಿರಲಿಲ್ಲ. ತಕ್ಕ ಆಂಟೆನಾ ಮತ್ತು ಗ್ರಾಹಕಯಂತ್ರವುಳ್ಳ ಯಾರಾದರೂ ಪಡೆಯಬಹುದಾಗಿತ್ತು. ಹವಾಮಾನ ಕಚೇರಿಗಳ ಜೊತೆಗೆ ಶಾಲೆಗಳೂ ಹವ್ಯಾಸಿಗಳೂ ಈ ಸೊಗಸನ್ನು ಸವಿದರು. ಮುಂದೆ ಬಂದ ನೋವಾ ಉಪಗ್ರಹಗಳು ಸೆಕೆಂಡಿಗೆ ಎರಡು ಗೆರೆಗಳಂತೆ ಕಳುಹಿಸುತ್ತಿದ್ದವು. ಗಡಿಯಾರದ ಬಡಿತವನ್ನು ಹೋಲುವ ಆ ಸದ್ದನ್ನು ಹತ್ತು ಹನ್ನೆರಡು ನಿಮಿಷ ಹಿಡಿದಿಟ್ಟರೆ ತನ್ನ ನೆಲದ ಮೇಲಿನ ಮೋಡವೇ ಚಿತ್ರವಾಗಿ ಎದುರಿಗೆ ನಿಲ್ಲುತ್ತಿತ್ತು. 2025ರಲ್ಲಿ ನೋವಾ-15, 18, 19 ಉಪಗ್ರಹಗಳು ಸೇವೆಯಿಂದ ನಿವೃತ್ತವಾದಾಗ ನೋವಾದ ಈ ಬಿತ್ತರವು ನಿಂತಿತು.

ಚಿತ್ರ ದೊರೆತ ಮಾತ್ರಕ್ಕೆ ಪ್ರಾಣ ಉಳಿಯುವುದೆಂದು ಯಾರೂ ಭಾವಿಸಬೇಕಾಗಿಲ್ಲ. 1970ರ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತವನ್ನು ಉಪಗ್ರಹವು ಕಂಡಿತ್ತು. ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ಮೊದಲಾದ ದ್ವೀಪಗಳಲ್ಲಿ ಎಚ್ಚರಿಕೆಯು ಹಲವರ ಕಿವಿಗೂ ಬಿದ್ದಿತ್ತು. ಬರಲಿರುವ ನೀರಿನ ಎತ್ತರವೆಷ್ಟೆಂಬುದು ಮಾತ್ರ ಅದರಿಂದ ತಿಳಿಯಲಿಲ್ಲ. ತಿಳಿದಿದ್ದರೂ ಓಡಿಹೋಗಲು ಎತ್ತರದ ನೆಲವೆಲ್ಲಿತ್ತು? ಸತ್ತವರು 3 ಲಕ್ಷಕ್ಕೆ ಕಡಿಮೆಯಿರಲಾರರು.

ನಮ್ಮ ದೇಶದ ಜನಕ್ಕೆ ಈ ನೋಟವನ್ನು ನಿತ್ಯದ ಸಂಗತಿಯಾಗಿ ಮಾಡಿದುದು ಇನ್ಸಾಟ್ ಸರಣಿ. 1983ರಲ್ಲಿ ಹಾರಿದ ಇನ್ಸಾಟ್-1ಬಿ ಉಪಗ್ರಹದ ನಿಯಂತ್ರಣ ನಡೆದುದು ನಮ್ಮ ಹಾಸನದಿಂದ. ಅದರ ಮೋಡಚಿತ್ರಗಳು ದೂರದರ್ಶನದ ವಾರ್ತೆಯಲ್ಲಿ ಬಂದಾಗ, ಅವುಗಳ ಮೇಲೆಯೂ ತೀರರೇಖೆಯನ್ನು ಬರೆದಿರುತ್ತಿತ್ತು. ಕೇರಳದ ಅಂಚಿನ ಬಿಳುಪನ್ನು ಕಂಡು, ಮುಂಗಾರು ನಮ್ಮೂರಿಗೆ ಇನ್ನೆಷ್ಟು ದಿನವೆಂದು ಎಣಿಸಿದವರಲ್ಲಿ ನಾವೂ ಸೇರಿದ್ದೇವೆ.