ನೀರಿನ ಪಟ್ಟಿ

ಅರ್ಥಶಾಸ್ತ್ರ ಓದಿದವರಿಗೆ ಒಂದು ಕೆಟ್ಟ ಚಾಳಿ. ಎದುರಿಗೆ ಹೊಳೆ ತುಂಬಿ ನಿಂತಿದ್ದರೆ ಎಲ್ಲರೂ ಫೋಟೋ ತೆಗೆಯುತ್ತಾರೆ, ನಾವು "ಇದಕ್ಕೆ ದುಡ್ಡು ಕೊಟ್ಟವರು ಯಾರು?" ಅಂತ ಕೇಳುತ್ತೇವೆ. :) ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿರುವ ಬ್ಯಾರೇಜ್ ನೋಡಿದರೆ ಮಾತ್ರ ಈ ಪ್ರಶ್ನೆ ಕೇಳಲೇಬೇಕು. ಅದನ್ನು ಕಟ್ಟಿದ್ದು ಸರಕಾರವಲ್ಲ, ದಂಡೆಯ ರೈತರು. 1989ರಲ್ಲಿ. ಹೆಸರು ಶ್ರಮಬಿಂದು ಸಾಗರ.

ಕಥೆ ನಿಮಗೂ ಗೊತ್ತಿರಬಹುದು. ಮಳೆಗಾಲದಲ್ಲಿ ದಂಡೆ ಮೀರುವ ಕೃಷ್ಣೆ ಬೇಸಿಗೆಯಲ್ಲಿ ಬರೀ ಉಸುಕು. ಕಬ್ಬು ವರ್ಷದ ಬೆಳೆ. ಕೊನೆಯ ಎರಡು ತಿಂಗಳು ನೀರಿಲ್ಲ ಅಂದರೆ ಹೋಗುವುದು ಎರಡು ತಿಂಗಳ ಫಸಲಲ್ಲ, ಇಡೀ ವರ್ಷದ್ದು. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅದು ಲೋಕಾರ್ಪಣೆ ಆದದ್ದು 2006ರಲ್ಲಿ, ಅಬ್ದುಲ್ ಕಲಾಂ ಅವರ ಕೈಯಿಂದ. ನಡುವೆ ನಲವತ್ತೆರಡು ವರ್ಷ! ಅಷ್ಟು ದಿನ ಕಾಯಲು ಯಾರಿಗೆ ಪುರಸೊತ್ತು? ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಹಣ ಕೂಡಿಸಿದರು, ಮೈಮುರಿದು ದುಡಿದರು, ಕಟ್ಟಿಯೇ ಬಿಟ್ಟರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಇದೇ "ಬ್ಯಾರೇಜ್ ಸಿದ್ದು" ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ನಮ್ಮ ಪಠ್ಯದ ಪ್ರಕಾರ ಈ ಬ್ಯಾರೇಜ್ ಆಗಲೇಬಾರದಿತ್ತು. ಮಾನ್ಸರ್ ಓಲ್ಸನ್ 1965ರ ತನ್ನ ಪುಸ್ತಕದಲ್ಲಿ ಹೇಳಿದ್ದು ಇಷ್ಟೇ: ಎಲ್ಲರಿಗೂ ಸಿಗುವ ಲಾಭಕ್ಕೆ ತಾನೇಕೆ ಕೊಡಬೇಕು ಅಂತ ಪ್ರತಿಯೊಬ್ಬನೂ ಲೆಕ್ಕ ಹಾಕುತ್ತಾನೆ. ಗುಂಪು ದೊಡ್ಡದಾದಷ್ಟೂ ಬಿಟ್ಟಿ ಸವಾರರು ಜಾಸ್ತಿ. ನಿಂತ ನೀರು ದುಡ್ಡು ಕೊಟ್ಟವನ ಪಂಪಿಗೂ ಬರುತ್ತದೆ, ಕೊಡದವನ ಪಂಪಿಗೂ ಬರುತ್ತದೆ. ಹಾಗಾದರೆ ಕೊಟ್ಟವರು ದಡ್ಡರೇ?

ಅಲ್ಲ. ನನಗೆ ತೋಚುವ ಉತ್ತರ ನಮ್ಮ ಕಡೆಯ ಒಂದೇ ಶಬ್ದದಲ್ಲಿದೆ: ಪಟ್ಟಿ. ಜಾತ್ರೆಗೆ ಪಟ್ಟಿ, ತೇರಿಗೆ ಪಟ್ಟಿ, ಕುಸ್ತಿಗೆ ಪಟ್ಟಿ. ಯಾರು ಎಷ್ಟು ಕೊಟ್ಟರು, ಯಾರು ತಪ್ಪಿಸಿಕೊಂಡರು ಅನ್ನುವುದು ಊರಿಗೆಲ್ಲ ಗೊತ್ತು. ಕೊಡದವನು ಉಳಿಸಿಕೊಳ್ಳುವ ದುಡ್ಡಿಗಿಂತ ಕಟ್ಟೆಯ ಮೇಲೆ ಕಳೆದುಕೊಳ್ಳುವ ಮುಖ ದೊಡ್ಡದು. ಸ್ಪೇನಿನ ಕಾಲುವೆ, ಫಿಲಿಪ್ಪೀನ್ಸಿನ ನೀರಾವರಿ ಸಂಘ, ಸ್ವಿಸ್ ಹುಲ್ಲುಗಾವಲುಗಳನ್ನು ನೋಡಿ ಎಲಿನಾರ್ ಒಸ್ಟ್ರಮ್ 1990ರಲ್ಲಿ ಇದನ್ನೇ ಬರೆದರು: ಫಲಾನುಭವಿಗಳು ಯಾರೆಂದು ಸ್ಪಷ್ಟವಿದ್ದು, ಒಬ್ಬರ ಮೇಲೊಬ್ಬರ ಕಣ್ಣಿದ್ದರೆ ಜನ ತಾವೇ ನಿಭಾಯಿಸಿಕೊಳ್ಳುತ್ತಾರೆ. 2009ರಲ್ಲಿ ಅವರಿಗೆ ನೊಬೆಲ್ ಬಂತು. ಆ ಹೊತ್ತಿಗೆ ನಮ್ಮ ಬ್ಯಾರೇಜಿಗೆ ಇಪ್ಪತ್ತು ವರ್ಷ ತುಂಬಿತ್ತು.

ಹಾಗಂತ ಎಲ್ಲವೂ ಪಟ್ಟಿಯಿಂದ ಆಗುತ್ತದೆ ಅನ್ನುವಂತಿಲ್ಲ. ಅದಕ್ಕೆ ಸ್ವಲ್ಪ ಕೆಳಗೆ ಬೀಳಗಿ ಕಡೆ ಬರಬೇಕು. ಚಿಕ್ಕಪಡಸಲಗಿಯಲ್ಲಿ ಕೊಟ್ಟವನೂ ಪಡೆದವನೂ ಒಬ್ಬನೇ. ಆಲಮಟ್ಟಿಯ ಹಿನ್ನೀರಿನಲ್ಲಿ ಹಾಗಲ್ಲ. ಹೊಲ ಮುಳುಗುವುದು ಬೀಳಗಿಯವನದು, ಕಾಲುವೆ ನೀರು ಬಹುಪಾಲು ಬೇರೆ ಜಿಲ್ಲೆಯವನಿಗೆ. ಇಲ್ಲಿ ಯಾರು ಯಾರಿಗೆ ಪಟ್ಟಿ ಎತ್ತಬೇಕು? ಸರಕಾರ ಬೇಕಾಗುವುದು ಇಲ್ಲೇ. 2010ರಲ್ಲಿ ನ್ಯಾಯಮಂಡಳಿ ಅಣೆಕಟ್ಟೆಯ ಎತ್ತರವನ್ನು 519.60ರಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಮುಳುಗುವ ಜಮೀನಿಗೆ ದರ ಹೇಳಲು ರಾಜ್ಯ ಸಂಪುಟಕ್ಕೆ 2025ರ ಸೆಪ್ಟೆಂಬರ್ ಬೇಕಾಯಿತು: ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ.

ಈ ಎರಡು ಅಂಕಿ ನೋಡಿದಾಗ ನನ್ನ ಚಾಳಿ ಮತ್ತೆ ಎದ್ದಿತು. ನಡುವಿನ ವ್ಯತ್ಯಾಸ ಹತ್ತು ಲಕ್ಷ. ಅಂದರೆ ಒಂದು ಎಕರೆಗೆ ನೀರು ಸಿಗುವುದರ ಬೆಲೆ ಇಷ್ಟು ಅಂತ ಸರಕಾರವೇ ಒಪ್ಪಿದ ಹಾಗಾಯಿತಲ್ಲ! ಈ ಲೆಕ್ಕ 1989ರ ರೈತನಿಗೆ ಯಾರೂ ಹೇಳಿಕೊಡದೇ ಗೊತ್ತಿತ್ತು. ಅದಕ್ಕೇ ಜೇಬಿಗೆ ಕೈ ಹಾಕಿದ.

ಆದರೆ ಅಂದು ಬೆಲೆ ಕಟ್ಟಿ ತಂದ ನೀರಿಗೆ ಇಂದು ಬೆಲೆಯೇ ಇಲ್ಲ. 2008ರಿಂದ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಪುಕ್ಕಟೆ. ಬಟನ್ ಒತ್ತಿದರೆ ಸಾಕು, ಕಬ್ಬಿನ ಸಾಲು ಕೆರೆಯಾಗುತ್ತದೆ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ಕರಿ ಮಣ್ಣಿಗೆ ಇಷ್ಟು ನೀರು ಜೀರ್ಣವಾಗುವುದಿಲ್ಲ. ನೀರು ಬಸಿಯದೆ ಉಪ್ಪು ಮೇಲೆ ಬರುತ್ತದೆ, ಹೊಲ ಸವಳಾಗುತ್ತದೆ.

ಸವಳಿಗೆ ಮದ್ದು ಬಸಿಗಾಲುವೆ. ನನ್ನ ಹೊಲದಿಂದ ಬಸಿದ ನೀರು ಪಕ್ಕದವನ ಹೊಲ ದಾಟಿಯೇ ಹಳ್ಳ ಸೇರಬೇಕು. ಒಬ್ಬ ಒಲ್ಲೆ ಅಂದರೆ ಮುಗಿಯಿತು. ಮತ್ತೆ ಅದೇ ಓಲ್ಸನ್, ಅದೇ ಬಿಟ್ಟಿ ಸವಾರ. ಒಂದು ವ್ಯತ್ಯಾಸವಿದೆ. ಹೊಳೆ ಒಣಗಿದರೆ ಎಲ್ಲರಿಗೂ ಒಂದೇ ದಿನ ಕಾಣುತ್ತದೆ. ಮಣ್ಣು ಸಾಯುವುದು ನಿಧಾನಕ್ಕೆ, ಒಬ್ಬೊಬ್ಬರ ಹೊಲದಲ್ಲಿ ಒಂದೊಂದು ವರ್ಷ. ಅದಕ್ಕೇ ಪಟ್ಟಿ ಎತ್ತಲು ಯಾರೂ ಏಳುತ್ತಿಲ್ಲ.

ನೀರು ತರಲು ಎದ್ದ ಊರುಗಳು ನೀರು ಹೊರಹಾಕಲೂ ಏಳುತ್ತವೆಯೇ? ಪುಸ್ತಕ ಕೇಳಿದರೆ ಇಲ್ಲ ಅನ್ನುತ್ತದೆ. ಪುಸ್ತಕ ಒಮ್ಮೆ ಸೋತ ಜಾಗ ಅದು, ಅದೇ ನನಗಿರುವ ಧೈರ್ಯ.